ಬೆನ್ನ ಮೇಲಿನ ನಂಬರ್

ಗೋಲ್ ಕಂಬದ ಪಕ್ಕದಲ್ಲೇ ಕೂತು ಫುಟ್‌ಬಾಲ್ ಮ್ಯಾಚ್ ನೋಡುವುದು, ಅದೂ ಪುಕ್ಕಟೆ ಅಂದರೆ ಯಾರು ಬೇಡ ಅಂತಾರೆ? ಗೆಳೆಯ ಫೋನ್ ಮಾಡಿ "ನಾಳೆ ಮ್ಯಾಚಿಗೆ ಕೈಗೊಬ್ಬರು ಬೇಕು ಕಣೋ, ಬರ್ತೀಯಾ?" ಅಂದಾಗ ಹಿಂದೆಮುಂದೆ ನೋಡದೆ ಹೂಂ ಅಂದೆ. ಅವನು ಆಟದ ಫೋಟೊ ತೆಗೆದೇ ಹೊಟ್ಟೆ ಹೊರೆಯುವವನು. ನಾನು ಏನು ಹೊರಬೇಕು ಅಂತ ಒಂದು ಮಾತು ಕೇಳಬೇಕಿತ್ತು.

ಹೊರಬೇಕಾದದ್ದು ಲೆನ್ಸು. 400 ಎಂಎಂನದು. ಈಗ ಬರುವವು 3 ಕಿಲೋ ಆಸುಪಾಸು ತೂಗುತ್ತವಂತೆ. ಅವನದು ಹಳೇದು, 5 ಕಿಲೋ ದಾಟಿದ್ದು. ನಿದ್ದೆ ಹೋದ ಮಗುವನ್ನು ಎತ್ತಿಕೊಂಡ ಹಾಗೆ: ತೋಳು ಸೋತರೂ ಇಳಿಸುವ ಹಾಗಿಲ್ಲ. ಬಿಳಿ ಬಣ್ಣ ಬೇರೆ. ಎಲ್ಲರಿಗೂ ಕಾಣಲಿ ಅನ್ನೋ ಜಂಬಕ್ಕೆ ಬಿಳಿ ಅಂತ ನಾನು ತಿಳಿದಿದ್ದೆ. ಬಿಸಿಲಿಗೆ ಕಾದರೆ ಒಳಗಿನ ಗಾಜು ಹಿಗ್ಗಿ ಫೋಕಸ್ ಕೈಕೊಡುತ್ತದೆ, ಅದಕ್ಕೇ ಬಿಳಿ ಅಂತ ಅವನು ಹೇಳಿದ.

ಆಟಕ್ಕೆ ಎರಡು ಗಂಟೆ ಮೊದಲೇ ಹೋಗಿದ್ದೆವು. ಬಾಗಿಲಲ್ಲಿ ತೋಳಿಲ್ಲದ ಒಂದು ಜಾಕೆಟ್ ಕೊಟ್ಟರು. ಎದೆ ಮೇಲೂ ಬೆನ್ನ ಮೇಲೂ 38 ಅಂತ ಬರೆದಿತ್ತು. ಆಮೇಲೆ ಗೋಲ್ ಬಲೆಯ ಹಿಂದೆ ಇನ್ನೊಂದು ಕ್ಯಾಮೆರಾ ಕೂರಿಸಿದೆವು. ಅದನ್ನು ಯಾರೂ ಮುಟ್ಟುವುದಿಲ್ಲ. ಅವನು ತನ್ನ ಜಾಗದಲ್ಲೇ ಕೂತು ಗುಂಡಿ ಒತ್ತಿದರೆ ಇದು ಅಲ್ಲಿ ಕ್ಲಿಕ್ಕಿಸುತ್ತದೆ. ಫೋಕಸ್ ಮಾತ್ರ ಮೊದಲೇ ಹಿಡಿದಿಡಬೇಕು. "ಗೆರೆಯ ಹತ್ತಿರ ನಿಂತ್ಕೋ. ಇನ್ನೂ ಸ್ವಲ್ಪ ಹಿಂದೆ. ಹಾಂ, ಅಲ್ಲೇ." ನನ್ನ ಮೂಗಿಗೆ ಫೋಕಸ್ ಹಿಡಿದು, ಲೆನ್ಸಿನ ಬಳೆ ತಿರುಗದ ಹಾಗೆ ಟೇಪ್ ಸುತ್ತಿದ. ಗೋಲ್ ಬಾಯಿಯಲ್ಲಿ ನಾನು ಮಿಂಚಿದ್ದು ಅಷ್ಟೇ.

ಮುಂದಿನ ಕೆಲಸ ಕೇಳಿದರೆ ನಗ್ತೀರಿ: ಮೂರು ಕ್ಯಾಮೆರಾಗಳ ಗಡಿಯಾರ ಒಂದು ಮಾಡುವುದು. ಒಂದರ ಟೈಮು ಎರಡು ನಿಮಿಷ ಹಿಂದಿದ್ದರೂ ಸಾಕು, ಕಂಪ್ಯೂಟರಿನಲ್ಲಿ ಜೋಡಿಸಿದಾಗ ಆಟಗಾರ ಮೊದಲು ಕುಣಿದು, ಆಮೇಲೆ ಗೋಲ್ ಹೊಡೆದಿರುತ್ತಾನೆ.

ಇಷ್ಟೆಲ್ಲ ಆದಮೇಲೆ ನನ್ನನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿದ. ಬಿಸಿಲಿಗೆ ಪರದೆ ಕಾಣಲಿಲ್ಲ. ತಲೆಗೂ ಲ್ಯಾಪ್‌ಟಾಪಿಗೂ ಸೇರಿಸಿ ಒಂದು ಕಪ್ಪು ಬಟ್ಟೆ ಹೊದಿಸಿದ, ನೆಗಡಿಗೆ ಹಬೆ ತೆಗೆದುಕೊಳ್ಳುವವರ ಹಾಗೆ. ಕ್ಯಾಮೆರಾದಿಂದ ಕೇಬಲ್ಲಿನಲ್ಲಿ ಫೋಟೊ ಬರುತ್ತದೆ. ನಾನು ಒಳ್ಳೆಯದನ್ನು ಆರಿಸಿ, ಅಂಚು ಕತ್ತರಿಸಿ, ಅಡಿಬರಹ ಹಾಕಿ ಕಳಿಸಬೇಕು. ಆರಿಸುವುದು ಅಂದರೆ ಸುಮ್ನೆ ಅಲ್ಲ. ಸೆಕೆಂಡಿಗೆ 20 ಫೋಟೊ ಹೊಡೆಯುವ ಕ್ಯಾಮೆರಾ ಅದು. ಒಬ್ಬ ಐದು ಸೆಕೆಂಡ್ ಕುಣಿದರೆ ನೂರು ಫೋಟೊ. ತೊಂಬತ್ತರಲ್ಲಿ ಅವನ ಕಣ್ಣು ಮುಚ್ಚಿರುತ್ತದೆ.

ಅಡಿಬರಹಕ್ಕೆ ಒಂದು ಉಪಾಯ ಇದೆ. ಎರಡೂ ತಂಡದ ಪಟ್ಟಿಯನ್ನು ಮೊದಲೇ ತುಂಬಿಸಿಟ್ಟಿರುತ್ತಾರೆ. ತಂಡದ ಒಂದಕ್ಷರ, ಜೆರ್ಸಿ ನಂಬರ್ ಒತ್ತಿದರೆ ಪೂರ್ತಿ ಹೆಸರು ತಾನೇ ಬಂದು ಕೂರುತ್ತದೆ. ಬಹಳ ಅನುಕೂಲ. 9ರ ಬದಲು 6 ಕಂಡರೂ ಅಷ್ಟೇ ಅನುಕೂಲವಾಗಿ ತಪ್ಪು ಹೆಸರು ಬಂದು ಕೂರುತ್ತದೆ, ಒಂದಕ್ಷರ ದೋಷವಿಲ್ಲದೆ.

ನಂಬರ್ ದೊಡ್ಡದಾಗಿ ಬರೆದಿರುವುದು ಬೆನ್ನ ಮೇಲೆ. ಗೆಳೆಯನಿಗೆ ಬೇಕಾದದ್ದು ಮುಖ. ನನಗೆ ಬೆನ್ನು ಬೇಕು, ಅವನಿಗೆ ಬೆನ್ನು ಕಂಡರಾಗದು. "ಬೆನ್ನು ತೋರಿಸಿದ ಫೋಟೊ ಯಾರು ಹಾಕ್ತಾರೋ?" ಅಂತಾನೆ. ಅಭಿಮಾನಿ ಅಂತ ಇಷ್ಟು ವರ್ಷ ಎದೆ ತಟ್ಟಿಕೊಂಡಿದ್ದವನು ನಾನು. ಬೆವರಿ, ಬಾಯಿ ತೆರೆದು, ಕೂದಲು ಹಣೆಗಂಟಿದ ಮುಖಗಳನ್ನು ನೋಡಿದಾಗ ಒಂದೂ ಗುರುತು ಸಿಗಲಿಲ್ಲ. ಮೊದಲರ್ಧ ಮುಗಿಯುವ ಹೊತ್ತಿಗೆ ಬೇರೆ ದಾರಿ ಹುಡುಕಿಕೊಂಡೆ. ಚಡ್ಡಿಯ ಮೇಲೆ ಚಿಕ್ಕ ನಂಬರ್ ಇರುತ್ತದೆ. ಅದೂ ಮಡಿಕೆಯಲ್ಲಿ ಮುಚ್ಚಿದ್ದರೆ ಬೂಟು ನೋಡಬೇಕು. ಹಸಿರು ಬೂಟು 4, ಮಣಿಕಟ್ಟಿಗೆ ಬಿಳಿ ಟೇಪು 17, ಕಾಲುಚೀಲ ಜಾರಿದ್ದು 11.

ಎರಡನೇ ಅರ್ಧದಲ್ಲಿ ಗೋಲ್ ಆಯಿತು. ನಮ್ಮ ತುದಿಯಲ್ಲೇ, ನನ್ನಿಂದ ಹತ್ತು ಹೆಜ್ಜೆ ಆಚೆ. ಬಟ್ಟೆಯೊಳಗೆ ಕೂತ ನನಗೆ ಗದ್ದಲವಷ್ಟೇ ಕೇಳಿಸಿತು. ಇಣುಕುವಷ್ಟರಲ್ಲಿ ಎಲ್ಲ ಒಬ್ಬರ ಮೇಲೊಬ್ಬರು ಬಿದ್ದಿದ್ದರು.

"ಯಾರೋ ಹೊಡೆದದ್ದು?" ಅಂತ ನಾನು ಕೂಗಿದೆ.

"ನಂಗೇನು ಗೊತ್ತು? ನೀನಲ್ವಾ ಹೇಳಬೇಕಾದವನು!" ಅವನ ಕಣ್ಣು ಇನ್ನೂ ಕ್ಯಾಮೆರಾದಲ್ಲೇ ಇತ್ತು. ಪಾಪ, ಲೆನ್ಸಿನಲ್ಲಿ ಅವನು ಕಂಡದ್ದು ಒಂದು ಮುಖ, ಅದರೊಳಗಿನ ಒಂದು ದೊಡ್ಡ ಬಾಯಿ.

ಫೋಟೊ ಬಂತು. ಅದ್ಭುತವಾಗಿತ್ತು, ಸುಳ್ಳು ಹೇಳಬಾರದು. ಗಂಟಲ ನರ ಉಬ್ಬಿ, ಬೆರಳುಗಳೆಲ್ಲ ಬಿಚ್ಚಿಕೊಂಡು ನಮ್ಮ ಕಡೆಗೇ ಓಡಿಬರುತ್ತಿದ್ದಾನೆ. ನಂಬರ್ ಎಲ್ಲೂ ಇಲ್ಲ. ಚಡ್ಡಿ ಫ್ರೇಮಿನಿಂದ ಹೊರಗೆ, ಬೂಟೂ ಹೊರಗೆ. ಮಣಿಕಟ್ಟು ದೊಡ್ಡದು ಮಾಡಿ ನೋಡಿದೆ. ಬಿಳಿ ಟೇಪು! ಹದಿನೇಳು ಒತ್ತಿದೆ, ಹೆಸರು ಬಂತು, ಕಳಿಸಿದೆ. ಮೈಕಿನಲ್ಲೂ ಅದೇ ಹೆಸರು ಕೂಗಿದಾಗ ಗೋಲ್ ನಾನೇ ಹೊಡೆದಷ್ಟು ಖುಷಿಯಾಯಿತು.

ರಾತ್ರಿ ಮನೆಯವರ ಜೊತೆ ಕೂತು ಟೀವಿಯಲ್ಲಿ ಆ ಗೋಲನ್ನು ಮೊದಲ ಸಲ ನೋಡಿದೆ. ಚೆಂಡು ಬಲೆಗೆ ಬೀಳುತ್ತದೆ, ಹಿಂದಿದ್ದವರೆಲ್ಲ ಜಿಗಿದೇಳುತ್ತಾರೆ. ಮೂಲೆಯಲ್ಲಿ ಒಂದು ಕಪ್ಪು ಬಟ್ಟೆಯ ಗಂಟು ಮಾತ್ರ ಅಲ್ಲಾಡುವುದಿಲ್ಲ.

"ಅದೇನದು, ಚೀಲವಾ?" ಅಂತ ಕೇಳಿದರು.

ಮುಖ ಕಾಣುತ್ತಿರಲಿಲ್ಲ. ಪುಣ್ಯಕ್ಕೆ ಬಟ್ಟೆಯ ಕೆಳಗೆ ಜಾಕೆಟ್ಟಿನ 38 ಕಾಣುತ್ತಿತ್ತು.