ಅಂಗಡಿ ಬಾಗಿಲಾಚೆ ಬಿದ್ದರೆ ಯಾರ ಹೊಣೆ?

ಕಳೆದ ಚಳಿಗಾಲದಲ್ಲಿ ನನ್ನ ಅತ್ತಿಗೆ ಬಿದ್ದರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ, ಒಂದು ದೊಡ್ಡ ಅಂಗಡಿಯ ಮುಂದೆ. ಸಾಮಾನು ತಗೊಂಡು ಹೊರಗೆ ಬಂದು ಕಾರಿನ ಕಡೆ ಹತ್ತು ಹೆಜ್ಜೆ ಹಾಕಿರಬಹುದು, ಅಷ್ಟೇ. ಬಲಗೈ ಊರಿ ಬಿದ್ದಿದ್ದರಿಂದ ಮಣಿಕಟ್ಟು ಮುರಿಯಿತು. ಆಪರೇಷನ್ ಮಾಡಿ ಒಳಗೆ ಪ್ಲೇಟ್ ಕೂರಿಸಿದರು. ಎಷ್ಟೋ ವಾರ ಜಡೆ ಹಾಕಿಕೊಳ್ಳೋಕೂ ಇನ್ನೊಬ್ಬರ ಕೈ ಬೇಕಾಯಿತು.

ಈಗ ಅವರು ಕೇಸ್ ಹಾಕಿದ್ದಾರೆ. ಅದು ಗೊತ್ತಾದ ದಿನದಿಂದ ನಮ್ಮ ಬಳಗದಲ್ಲಿ ಒಂದೇ ಮಾತು. "ನೋಡ್ಕೊಂಡು ನಡೀಬೇಕಿತ್ತು. ತಾವು ಬಿದ್ದು ಅಂಗಡಿಯವರ ಮೇಲೆ ಕೇಸ್ ಹಾಕೋದಾ?" ಒಬ್ಬರಂತೂ ಅವರ ಎದುರಿಗೇ "ಲಾಟರಿ ಹೊಡೀತು ಬಿಡಿ" ಅಂದರು. ಅತ್ತಿಗೆ ಏನೂ ಹೇಳದೆ ಎದ್ದು ಒಳಗೆ ಹೋದರು. ನನಗೆ ಆ ದಿನ ತುಂಬಾ ನೋವಾಯಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅವರು ಬಿದ್ದ ದಿನ ಹಿಮ ಬಿದ್ದಿರಲಿಲ್ಲ. ಬಿಸಿಲಿತ್ತು. ಅಂಗಡಿಯ ಚಾವಣಿಯ ನೀರು ಇಳಿಯುವ ಕೊಳವೆಯ ಬಾಯಿ ಸೀದಾ ನಡೆದಾಡುವ ದಾರಿಗೇ ತೆರೆದುಕೊಂಡಿದೆ. ಹಗಲು ಚಾವಣಿಯ ಹಿಮ ಕರಗಿ ಅಲ್ಲಿ ಹರಿಯುತ್ತೆ. ಸಂಜೆ ಹೆಪ್ಪುಗಟ್ಟುತ್ತೆ. ಕಪ್ಪು ಡಾಂಬರಿನ ಮೇಲೆ ಗಾಜಿನಂಥ ತೆಳು ಪದರ, ಕತ್ತಲಲ್ಲಿ ಬರೀ ಒದ್ದೆ ನೆಲದ ಹಾಗೆ ಕಾಣುತ್ತೆ. ಇದನ್ನು ಎಷ್ಟು ನೋಡಿಕೊಂಡು ನಡೆದರೆ ಕಾಣುತ್ತಿತ್ತು, ಹೇಳಿ?

ಬಿದ್ದರು ಅಂದ ಮಾತ್ರಕ್ಕೆ ಯಾವ ಕೋರ್ಟೂ ದುಡ್ಡು ಕೊಡಿಸುವುದಿಲ್ಲ. ಅಪಾಯ ಇತ್ತು ಅನ್ನೋದು ಅಂಗಡಿಯವರಿಗೆ ಗೊತ್ತಿತ್ತೇ, ಅಥವಾ ಸರಿಯಾಗಿ ಗಮನಿಸಿದ್ದರೆ ಗೊತ್ತಾಗುತ್ತಿತ್ತೇ, ಸರಿಪಡಿಸೋಕೆ ಅವರಿಗೆ ಸಮಯ ಇತ್ತೇ? ಕೇಸ್ ನಿಲ್ಲುವುದು, ಬೀಳುವುದು ಇಲ್ಲೇ. ಇದಕ್ಕೆ ನನಗೆ ಬಹಳ ಹಿಡಿಸಿದ ಉದಾಹರಣೆ ಎರಡು ಬಾಳೆಹಣ್ಣಿನ ಸಿಪ್ಪೆಗಳದ್ದು, ಎರಡೂ ಇದೇ ರಾಜ್ಯದವು. 1901ರ ಕೇಸಿನಲ್ಲಿ ರೈಲಿನಿಂದ ಇಳಿದವರೊಬ್ಬರು ಪ್ಲಾಟ್‌ಫಾರ್ಮಿನಲ್ಲಿ ಸಿಪ್ಪೆ ಮೇಲೆ ಕಾಲಿಟ್ಟು ಜಾರಿದರು. ಒಂದು ನಿಮಿಷದ ಹಿಂದೆ ಯಾರೋ ಪ್ರಯಾಣಿಕರೇ ಎಸೆದಿರಬಹುದಲ್ಲ ಎಂದಿತು ಕೋರ್ಟು. ಅವರು ಸೋತರು. 1911ರಲ್ಲಿ ತೀರ್ಪಾದ ಕೇಸಿನಲ್ಲಿ ಬಾಸ್ಟನ್‌ನ ಇನ್ನೊಂದು ನಿಲ್ದಾಣದಲ್ಲಿ ಒಬ್ಬ ಮಹಿಳೆ ಹೀಗೇ ಬಿದ್ದರು. ಆ ಸಿಪ್ಪೆ ಒಣಗಿತ್ತು, ಕಪ್ಪಾಗಿತ್ತು, ಮಣ್ಣು ಮೆತ್ತಿ ಚಪ್ಪಟೆಯಾಗಿತ್ತು. ಅಂದರೆ ಬಹಳ ಹೊತ್ತಿನಿಂದ ಅಲ್ಲೇ ಬಿದ್ದಿತ್ತು, ಸಿಬ್ಬಂದಿ ಗುಡಿಸಬೇಕಿತ್ತು. ಅವರು ಗೆದ್ದರು. ಸಿಪ್ಪೆಯ ಬಣ್ಣ ಸಾಕ್ಷಿ ಹೇಳಿತು!

ಅತ್ತಿಗೆಯ ಕೇಸಿನಲ್ಲಿ ಆ ಸಾಕ್ಷಿ ಕೊಳವೆಯೇ. ಅದು ನಿನ್ನೆ ಮೊನ್ನೆ ಬಂದದ್ದಲ್ಲ.

ಹೊರಗಿನ ನೆಲದ ವಿಷಯಕ್ಕೆ ಬಂದರೆ ಈ ರಾಜ್ಯದ ಕಥೆ ಇನ್ನೂ ವಿಚಿತ್ರ. ನೂರು ವರ್ಷಕ್ಕೂ ಜಾಸ್ತಿ ಕಾಲ ಇಲ್ಲಿ ಒಂದು ವಿನಾಯಿತಿ ಇತ್ತು. ಹಿಮ, ಐಸ್ ತಾನಾಗಿಯೇ ಬಿದ್ದು ಕೂತಿದ್ದರೆ ಜಾಗದ ಮಾಲೀಕರ ಹೊಣೆ ಇಲ್ಲ. ಮನುಷ್ಯರು ಮಾಡಿದ ಯಾವುದೋ ಕೆಲಸದಿಂದ, ಉದಾಹರಣೆಗೆ ಹೀಗೆ ಕೊಳವೆ ನೀರಿನಿಂದ, ಆಗಿದ್ದರೆ ಮಾತ್ರ ಹೊಣೆ. ಒಳಗೆ ಚೆಲ್ಲಿದ್ದನ್ನು ಒರೆಸಬೇಕು, ಹೊರಗೆ ಮಾತ್ರ ದೇವರಿಟ್ಟಂತಾಗಲಿ ಅನ್ನುವ ಲೆಕ್ಕ. 2002ರ ಡಿಸೆಂಬರಿನಲ್ಲಿ ಡ್ಯಾನ್ವರ್ಸ್ ಊರಿನ ಟಾರ್ಗೆಟ್ ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ಗ್ರಾಹಕರೊಬ್ಬರು ಐಸ್ ತುಂಡಿನ ಮೇಲೆ ಜಾರಿ ಬಿದ್ದರು. ಬದಿಗೆ ರಾಶಿ ಹಾಕಿದ್ದ ಹಿಮದಿಂದ ಉರುಳಿ ಬಂದ ತುಂಡೋ, ಅದೇ ಹಿಮ ಕರಗಿ ಮತ್ತೆ ಗಟ್ಟಿಯಾದದ್ದೋ ಅನ್ನೋ ವಾದ. ಕೆಳಗಿನ ಕೋರ್ಟುಗಳು ಹಳೇ ನಿಯಮ ಹೇಳಿ ಅವರನ್ನು ವಾಪಸ್ ಕಳಿಸಿದವು. 2010ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಆ ವಿನಾಯಿತಿಯನ್ನೇ ಕಿತ್ತುಹಾಕಿತು. ಐಸ್ ಹೇಗೆ ಬಂತು ಅನ್ನೋದಕ್ಕಿಂತ, ಅದನ್ನು ನಿಭಾಯಿಸಲು ಮಾಲೀಕರು ತಕ್ಕಷ್ಟು ಎಚ್ಚರ ವಹಿಸಿದರೇ ಅನ್ನೋದು ಮುಖ್ಯವಾಯಿತು.

ನನ್ನ ಪ್ರಕಾರ ಇದೇ ಸರಿ. ಗ್ರಾಹಕರು ಅಲ್ಲಿ ಒಂದೆರಡು ನಿಮಿಷ ನಡೆದು ಹೋಗುವವರು. ಅಂಗಡಿಯವರು ದಿನಾ ಇರುವವರು. ನೀರು ಎಲ್ಲಿ ನಿಲ್ಲುತ್ತೆ, ಯಾವ ಲೈಟ್ ಕೆಟ್ಟಿದೆ, ಎಲ್ಲಿ ಕಾಂಕ್ರೀಟ್ ಎದ್ದಿದೆ ಅನ್ನೋದು ಅವರಿಗೆ ಗೊತ್ತಿರಬೇಕು. ಉಪ್ಪು ಚೆಲ್ಲಲು ಜನರೂ ಇದ್ದಾರೆ. ಬನ್ನಿ ಅಂತ ಕರೆದ ಮೇಲೆ ಬರುವ ದಾರಿಯೂ ಅವರದ್ದೇ ಅಲ್ವಾ?

ಹಾಗಂತ ನಡೆಯುವವರಿಗೆ ಹೊಣೆಯೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕಾನೂನೂ ಹಾಗೆ ಹೇಳುವುದಿಲ್ಲ. ಬಿದ್ದವರ ತಪ್ಪು 30 ಪಾಲು ಅಂತಾದರೆ ಪರಿಹಾರದಲ್ಲಿ ನೂರಕ್ಕೆ 30 ಕಡಿಮೆ. ಈ ರಾಜ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ತಪ್ಪು ನಿಮ್ಮದೇ ಆದರೆ ಏನೂ ಸಿಗುವುದಿಲ್ಲ.

ಇನ್ನು ಲಾಟರಿ ಅಂದವರಿಗೆ. ಇಂಥ ಕೇಸುಗಳಲ್ಲಿ ಬಂದ ದುಡ್ಡಿನ ಮೂರನೇ ಒಂದು ಭಾಗ ಸಾಮಾನ್ಯವಾಗಿ ವಕೀಲರಿಗೆ ಹೋಗುತ್ತೆ. ಆಸ್ಪತ್ರೆ ಬಿಲ್ ಕಟ್ಟಿದ ಆರೋಗ್ಯ ವಿಮೆ ಕಂಪನಿಯೂ ತಾನು ಕೊಟ್ಟಿದ್ದನ್ನು ಅದರಿಂದಲೇ ವಾಪಸ್ ಕೇಳಬಹುದು. ಉಳಿಯುವುದು ಕಳೆದುಹೋದ ಸಂಬಳಕ್ಕೆ, ಫಿಸಿಯೋಥೆರಪಿಗೆ. ಆ ಕೈ ಮತ್ತೆ ಪೂರ್ತಿ ತಿರುಗುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಇಂಥ ಲಾಟರಿ ಯಾರಿಗೆ ಬೇಕು?

ಒಂದು ವಿಷಯ ನಮಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿ. ಮ್ಯಾಸಚೂಸೆಟ್ಸ್‌ನಲ್ಲಿ ಕೇಸ್ ಹಾಕೋಕೆ 3 ವರ್ಷ ಇದೆ. ಆದರೆ ಹಿಮ, ಐಸ್‌ನಿಂದ ಬಿದ್ದಿದ್ದರೆ 30 ದಿನದೊಳಗೆ ಜಾಗದವರಿಗೆ ಲಿಖಿತ ನೋಟಿಸ್ ಕೊಡಬೇಕು. ಯಾವತ್ತು, ಎಲ್ಲಿ, ಯಾಕೆ ಬಿದ್ದಿರಿ ಅಂತ. ತಡವಾದರೆ ಕೇಸ್ ಹೋಗಿಯೇಬಿಡುತ್ತೆ ಅಂತಲ್ಲ, ಆದರೆ ಸುಮ್ನೆ ಯಾಕೆ ಅವರ ಕೈಗೆ ಒಂದು ವಾದ ಕೊಡಬೇಕು? ಕ್ಯಾಮೆರಾ ರೆಕಾರ್ಡಿಂಗ್ ಉಳಿಸಿಡಿ ಅಂತಲೂ ಅದರಲ್ಲೇ ಬರೆಯಿರಿ. ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿ ಅದು ಅಳಿಸಿಹೋಗುತ್ತೆ. ಫೋಟೋ ಅಲ್ಲೇ, ಆಗಲೇ ತೆಗೆಯಿರಿ. ಐಸ್ ಮರುದಿನದ ಬಿಸಿಲಿಗೆ ಇರುವುದಿಲ್ಲ. ನಮ್ಮ ಹತ್ತಿರ ಫೋಟೋ ಇರುವುದು ದಾರಿಹೋಕ ಹುಡುಗಿಯೊಬ್ಬಳು ತೆಗೆದುಕೊಟ್ಟಿದ್ದರಿಂದ. ಅವಳಿಗೆ ನಾವು ಯಾವತ್ತೂ ಋಣಿ.

ಮುಂದಿನ ತಿಂಗಳು ಅಂಗಡಿ ಪರ ವಕೀಲರು ಅತ್ತಿಗೆಯ ಹೇಳಿಕೆ ದಾಖಲಿಸಿಕೊಳ್ಳುತ್ತಾರೆ. ಯಾವ ಚಪ್ಪಲಿ ಹಾಕಿದ್ದಿರಿ, ಫೋನ್ ನೋಡುತ್ತಿದ್ದಿರಾ, ಕೈಯಲ್ಲಿ ಎಷ್ಟು ಚೀಲ ಇತ್ತು ಅಂತೆಲ್ಲ ಕೇಳುತ್ತಾರಂತೆ. "ನಾನೇ ತಪ್ಪು ಮಾಡಿದೆ ಅನ್ನೋ ಥರ ಕೇಳ್ತಾರಾ?" ಅಂತ ಅವರಿಗೆ ಭಯ. "ಕೇಳಲಿ ಅತ್ತಿಗೆ, ಆದದ್ದನ್ನು ಆದ ಹಾಗೆ ಹೇಳಿ" ಅಂದೆ. ಮ್ಯಾನೇಜರಿಗೂ ನಮ್ಮ ವಕೀಲರು ಕೇಳುತ್ತಾರೆ: ಆ ದಿನ ಆ ದಾರಿಯನ್ನು ಕೊನೆಗೆ ಯಾರು ನೋಡಿದ್ದು, ಎಷ್ಟು ಗಂಟೆಗೆ?

ಮೊನ್ನೆ ಅದೇ ಅಂಗಡಿ ಮುಂದೆ ಹಾದು ಹೋದೆ. ಕೊಳವೆ ಹಾಗೇ ಇದೆ. ಈಗ ಸರಿ ಮಾಡಿದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತೆ ಅನ್ನೋ ಭಯ ಅವರಿಗೆ ಇರಬಹುದು. ಆದರೆ ಆಮೇಲೆ ಮಾಡಿದ ರಿಪೇರಿಯನ್ನು ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗಿ ತೋರಿಸುವಂತಿಲ್ಲ ಅಂತ ಇಲ್ಲಿನ ಸಾಕ್ಷ್ಯದ ನಿಯಮವೇ ಹೇಳುತ್ತೆ, ಜನ ರಿಪೇರಿಗೆ ಹಿಂಜರಿಯಬಾರದು ಅಂತಲೇ. ಕೊಳವೆ ತಿರುಗಿಸುವ ಒಂದು ಎಲ್ಬೋ, ನಾಲ್ಕಡಿ ಪೈಪ್ ಸಾಕು, ನೀರು ದಾರಿ ಬಿಟ್ಟು ಆಚೆ ಹೋಗುತ್ತೆ. ಮುಂದಿನ ಚಳಿಗಾಲಕ್ಕೆ ಮುಂಚೆ ದಯವಿಟ್ಟು ಅಷ್ಟನ್ನು ಮಾಡಿಸಿ.