ಕಿವಿಯ ಸದ್ದಿಗೆ ನಿಶ್ಶಬ್ದ ಮದ್ದಲ್ಲ

ಕಿವಿಯಲ್ಲಿ ಗುಂಯ್ ಅನ್ನುತ್ತೆ, ರಾತ್ರಿ ನಿದ್ದೆ ಬರಲ್ಲ ಅಂತ ವಯಸ್ಸಾದವರು ಹೇಳಿಕೊಂಡರೆ ಸಿಗುವ ಉತ್ತರ ಎರಡೇ. ಒಂದು, "ವಯಸ್ಸಾಯ್ತಲ್ಲ, ಇನ್ನೇನು ಮಾಡೋದು." ಇನ್ನೊಂದು, "ಬಾಗಿಲು ಕಿಟಕಿ ಹಾಕಿಕೊಂಡು, ಸದ್ದಿಲ್ಲದ ಕೋಣೆಯಲ್ಲಿ ಮಲಗಿ." ಮೊದಲನೆಯದು ಅರ್ಧ ನಿಜ. ಎರಡನೆಯದು ಪೂರ್ತಿ ತಪ್ಪು. ಆ ಎರಡನೆಯ ಮಾತಿನಿಂದ ನಮ್ಮ ಊರಿನ ಎಷ್ಟೋ ಹಿರಿಯರು ಸುಮ್ನೆ ನಿದ್ದೆ ಕೆಡಿಸಿಕೊಳ್ಳುತ್ತಿದ್ದಾರೆ. ಅದಕ್ಕೇ ಇವತ್ತು ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಕೊಡಗಿನ ಶಾಂತಳ್ಳಿ ಕಡೆ, ಕಾಫಿ ತೋಟದ ನಡುವೆ. ಪಕ್ಕದ ಮನೆಗೆ ಕೂಗಿದರೂ ಕೇಳಿಸುವುದಿಲ್ಲ. ಪಟ್ಟಣದವರು ದುಡ್ಡು ಕೊಟ್ಟು ಹೋಂಸ್ಟೇಗೆ ಬರುವುದೇ ಈ ಮೌನಕ್ಕಾಗಿ. ಕಿವಿಯಲ್ಲಿ ಸದ್ದಿರುವವರಿಗೆ ಮಾತ್ರ ಇದೇ ಮೌನ ದೊಡ್ಡ ಕಾಟ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಂಚಿನ ಮೇಲೆ ಮಳೆ ಒಂದೇ ಸಮನೆ ಹುಯ್ಯುತ್ತದೆ. ಆ ತಿಂಗಳುಗಳಲ್ಲಿ ನನಗೆ ನಿದ್ದೆ ಪರವಾಗಿಲ್ಲ. ಕಷ್ಟವೆಲ್ಲ ಡಿಸೆಂಬರ್, ಜನವರಿಯಲ್ಲಿ. ಮಳೆ ಇಲ್ಲ, ಕಪ್ಪೆ ಇಲ್ಲ, ಜೀರುಂಡೆ ಇಲ್ಲ, ಚಳಿಗೆ ನಾಯಿ ಕೂಡ ಬೊಗಳುವುದಿಲ್ಲ. ಆಗ ಕಿವಿಯೊಳಗಿನ ಸಣ್ಣ ಸಿಳ್ಳು ಇಡೀ ಕೋಣೆ ತುಂಬುತ್ತದೆ.

ಯಾಕೆ ಹೀಗೆ ಅಂತ ಅರ್ಥವಾದ ದಿನ ನನ್ನ ಅರ್ಧ ಭಯ ಹೋಯಿತು. ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನ ಆಕಾರದ ಕಾಕ್ಲಿಯ ಅನ್ನುವ ಭಾಗ ಇದೆ. ಅದರಲ್ಲಿ ಕೂದಲಿನಂಥ ತುದಿ ಇರುವ ಸಾವಿರಾರು ಕೋಶಗಳಿವೆ. ಸದ್ದನ್ನು ಮೆದುಳಿಗೆ ಮುಟ್ಟಿಸುವುದು ಅವೇ. ವಯಸ್ಸಿನಿಂದಲೋ ಜೋರು ಸದ್ದಿನಿಂದಲೋ ಒಮ್ಮೆ ಸತ್ತರೆ ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಕಿವಿಯಿಂದ ಬರುವ ಸುದ್ದಿ ಕಡಿಮೆಯಾದಾಗ ಮೆದುಳು ತನ್ನ ಕಡೆಯಿಂದ ಜೋರು ಮಾಡಿಕೊಳ್ಳುತ್ತದೆ. ಸ್ಟೇಷನ್ ಸರಿಯಾಗಿ ಸಿಗದಾಗ ನಾವು ರೇಡಿಯೋದ ವಾಲ್ಯೂಮ್ ತಿರುಗಿಸಿದ ಹಾಗೆ. ಆಗ ಕೇಳುವ ಗೊರಗೊರವೇ ಈ ಸದ್ದು. ಡಾಕ್ಟರುಗಳು ಟಿನ್ನಿಟಸ್ ಅನ್ನುತ್ತಾರೆ. ಹೊರಗೆ ಏನೂ ಸದ್ದಿಲ್ಲದಿದ್ದಾಗ ಇದು ಇನ್ನೂ ಎದ್ದು ಕೇಳುತ್ತದೆ.

1953ರಲ್ಲಿ ಅಮೆರಿಕದ ಹೆಲ್ಲರ್ ಮತ್ತು ಬರ್ಗ್‌ಮನ್ ಅನ್ನುವ ಇಬ್ಬರು ಒಂದು ಪ್ರಯೋಗದ ವರದಿ ಬರೆದರು. ಕಿವಿ ಚೆನ್ನಾಗಿರುವ 80 ಜನರನ್ನು ಸದ್ದೇ ನುಗ್ಗದ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂರಿಸಿದರು. ನೂರಕ್ಕೆ 94 ಮಂದಿ ತಮಗೆ ಏನೋ ಸದ್ದು ಕೇಳಿಸಿತು ಅಂದರು. ಕಿವಿ ಚೆನ್ನಾಗಿರುವವರ ಕಥೆಯೇ ಹೀಗಿರುವಾಗ ನಮ್ಮ ಅಜ್ಜ ಅಜ್ಜಿಯರನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿಸುವುದು ಯಾವ ನ್ಯಾಯ?

ಹಾಗಾಗಿ ನಾನು ಹೇಳುವುದು ಇಷ್ಟು. ಮಲಗುವ ಕೋಣೆಯಲ್ಲಿ ಒಂದು ಸಣ್ಣ ಸದ್ದು ಇರಲಿ. ಬೆಂಗಳೂರಿನವರು ಫ್ಯಾನ್ ಹಾಕಿಕೊಳ್ಳಿ ಅನ್ನುತ್ತಾರೆ. ಮಗನ ಮನೆಗೆ ಹೋದಾಗ ನನಗೆ ಫ್ಯಾನಿನ ಕೆಳಗೆ ಒಳ್ಳೆಯ ನಿದ್ದೆ ಬರುತ್ತದೆ, ನಿಜ. ಆದರೆ ಕೊಡಗಿನ ಚಳಿಗೆ ಫ್ಯಾನ್ ಆಗುತ್ತದಾ? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಲಗುವ ಕೋಣೆಗೆ ಫ್ಯಾನೇ ಇಲ್ಲ. ನಾನು ಟೇಬಲ್ ಫ್ಯಾನನ್ನು ಗೋಡೆಗೆ ಮುಖ ಮಾಡಿ ಇಡುತ್ತೇನೆ. ಗಾಳಿ ಮೈಗೆ ತಾಗಲ್ಲ, ಸದ್ದು ಇರುತ್ತದೆ. ಇಲ್ಲದಿದ್ದರೆ ಮೊಬೈಲ್‌ನಲ್ಲಿ ಮಳೆಯ ಸದ್ದು. ನಮ್ಮ ಕಡೆ ಕರೆಂಟ್, ನೆಟ್‌ವರ್ಕ್ ಎರಡನ್ನೂ ನಂಬುವ ಹಾಗಿಲ್ಲ. ಜುಲೈನಲ್ಲಿ ನಮ್ಮ ಮಾಡಿನ ಮೇಲೆ ಬೀಳುವ ಮಳೆಯನ್ನೇ ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದೇನೆ. ರೇಡಿಯೋ ಮಾತು ಹಗಲಿಗೆ ಸರಿ. ರಾತ್ರಿ ಮನಸ್ಸು ಆ ಮಾತಿನ ಹಿಂದೆ ಹೋಗುತ್ತದೆ, ನಿದ್ದೆ ದೂರ ಆಗುತ್ತದೆ.

ಒಂದು ವಿಷಯ ಗಮನಿಸಿ. ಈ ಹೊರಗಿನ ಸದ್ದು ಕಿವಿಯ ಸದ್ದನ್ನು ಪೂರ್ತಿ ಮುಚ್ಚುವಷ್ಟು ಜೋರಾಗಿರಬಾರದು. ಎರಡೂ ಒಟ್ಟಿಗೆ ಕೇಳುವಷ್ಟಿದ್ದರೆ ಸಾಕು. ಹಾಗಿದ್ದಾಗ ಒಳಗಿನದು ಗಮನಕ್ಕೆ ಬೇಡದ ಸದ್ದು ಅಂತ ಮೆದುಳು ನಿಧಾನವಾಗಿ ಕಲಿಯುತ್ತದೆ. ಇದಕ್ಕೆ ತಿಂಗಳುಗಳೇ ಬೇಕು.

ಇನ್ನು ನಿದ್ದೆಯ ವಿಷಯ. ತೋಟದ ಮನೆಗಳಲ್ಲಿ ಹಿರಿಯರು ಎಂಟೂವರೆಗೆಲ್ಲ ಹಾಸಿಗೆ ಸೇರುತ್ತೇವೆ. ಏಳುವುದು ಬೆಳಿಗ್ಗೆ ಐದೂವರೆಗೆ. ಅಂದರೆ ಒಂಬತ್ತು ಗಂಟೆ. ಈ ವಯಸ್ಸಿನ ದೇಹ ಕೇಳುವುದು ಏಳರಿಂದ ಎಂಟು ಗಂಟೆ. ಉಳಿದ ಹೊತ್ತೆಲ್ಲ ಕತ್ತಲಲ್ಲಿ ಕಿವಿ ಕೇಳಿಸಿಕೊಂಡು ಬಿದ್ದಿರುವುದೇ ಆಗುತ್ತದೆ. ನಾನು ಈಗ ಹತ್ತರ ನಂತರವೇ ಮಲಗುತ್ತೇನೆ. ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತಲಿಲ್ಲ ಅನ್ನಿಸಿದರೆ ಎದ್ದು ಅಡುಗೆ ಮನೆಯ ಒಲೆ ಹತ್ತಿರ ಕೂರುತ್ತೇನೆ. ಕಣ್ಣು ಎಳೆದಾಗ ಮತ್ತೆ ಹಾಸಿಗೆ. ಗಡಿಯಾರ ಕೋಣೆಯಲ್ಲಿಲ್ಲ. ರಾತ್ರಿ ಹೇಗೇ ಕಳೆದಿರಲಿ, ಏಳುವುದು ಮಾತ್ರ ಅದೇ ಹೊತ್ತಿಗೆ. ಮಧ್ಯಾಹ್ನ ಉದ್ದಕ್ಕೆ ಮಲಗುವುದನ್ನು ಬಿಟ್ಟೆ. ಶುರುವಿನಲ್ಲಿ ಬಹಳ ಸುಸ್ತಾಯಿತು. ಆಮೇಲೆ ನಿದ್ದೆ ಗಟ್ಟಿಯಾಗುತ್ತಾ ಬಂತು.

ಕಾಫಿ ಬಿಡಿ ಅಂತ ಹೇಳಿದವರೂ ಇದ್ದಾರೆ. ಕಾಫಿ ಬೆಳೆಯುವವರಿಗೆ! ಕಿವಿ ಸದ್ದಿಗೆ ಕಾಫಿಯೇ ಕಾರಣ ಅನ್ನಲು ಗಟ್ಟಿ ಆಧಾರ ಇಲ್ಲ. ಬೆಳಗಿನ ಬೆಲ್ಲದ ಕಾಫಿ ನನಗೆ ಬೇಕೇ ಬೇಕು. ಆದರೆ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು, ವಯಸ್ಸಾದವರಿಗೆ ಇನ್ನೂ ಜಾಸ್ತಿ ಹೊತ್ತು ಬೇಕಾಗಬಹುದು. ಹಾಗಾಗಿ ಸಂಜೆಯ ಲೋಟ ನಿಲ್ಲಿಸಿದ್ದೇನೆ. ರಾತ್ರಿ ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತೆ ಅನ್ನುವ ಮಾತು ನಮ್ಮ ಜಿಲ್ಲೆಯಲ್ಲಿ ಮನೆ ಮನೆಯಲ್ಲೂ ಕೇಳುತ್ತದೆ. ಬರುತ್ತದೆ, ನಿಜ. ಎರಡು ಗಂಟೆಗೆ ಎಚ್ಚರವೂ ಆಗುತ್ತದೆ. ಆಮೇಲೆ ಬೆಳಗಿನ ತನಕ ಕಿವಿಯೇ ಜೊತೆ. ನಿದ್ದೆ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡಿ. ಈ ವಯಸ್ಸಿನಲ್ಲಿ ಅದರ ಮಂಪರಿಗೆ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟ ಮುರಿದುಕೊಳ್ಳುವುದಿದೆ.

ಕಿವಿ ಪರೀಕ್ಷೆ ಮಾತ್ರ ಬಿಡಲೇಬೇಡಿ. ನಾನು ಮೊದಲು ತೋರಿಸಿದ ಡಾಕ್ಟರ್ ಕಿವಿಯ ಒಳಗೂ ನೋಡದೆ "ವಯಸ್ಸಾಯ್ತು ಟೀಚರ್, ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಆ ಮಾತು ಇಂದಿಗೂ ನೋಯುತ್ತದೆ. ಕೆಲವರಿಗೆ ಬರೀ ಗುಗ್ಗೆ ಕಟ್ಟಿಕೊಂಡಿರುತ್ತದೆ, ತೆಗೆದರೆ ಮುಗಿಯಿತು. ಕೆಲವರಿಗೆ ತೆಗೆದುಕೊಳ್ಳುವ ಔಷಧಿಯಿಂದಲೇ ಬಂದಿರುತ್ತದೆ. ಜಾಸ್ತಿ ಪ್ರಮಾಣದ ಆಸ್ಪಿರಿನ್, ಕೆಲವು ಆಂಟಿಬಯೋಟಿಕ್, ನೀರು ಇಳಿಸುವ ಕೆಲವು ಮಾತ್ರೆಗಳು ಹೀಗೆ ಮಾಡಬಹುದು. ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುವುದಂತೂ ಬೇಡವೇ ಬೇಡ. ತಮಟೆಯಲ್ಲಿ ತೂತಿದ್ದರೆ ಕಿವಿ ಇನ್ನೂ ಕೆಡುತ್ತದೆ. ಒಂದೇ ಕಿವಿಯಲ್ಲಿ ಸದ್ದು, ನಾಡಿ ಬಡಿತದ ಲೆಕ್ಕದಲ್ಲಿ ಬರುವ ಸದ್ದು, ಜೊತೆಗೆ ತಲೆ ತಿರುಗುವುದು ಇದ್ದರೆ ತಡಮಾಡದೆ ತೋರಿಸಿ. ಇದ್ದಕ್ಕಿದ್ದಂತೆ ಕಿವಿ ಕೇಳಿಸದೇ ಹೋದರೆ ಅದೇ ದಿನ ಹೋಗಿ. ಅದಕ್ಕೆ ಚಿಕಿತ್ಸೆ ಇದೆ, ಆದರೆ ದಿನ ಕಳೆದಷ್ಟೂ ಫಲ ಕಡಿಮೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ನನ್ನ ಪರೀಕ್ಷೆ ಆಯಿತು. ಸಣ್ಣ, ಚೂಪು ದನಿಗಳೆಲ್ಲ ನನ್ನ ಕಿವಿಯಿಂದ ಜಾರಿ ಹೋಗಿದ್ದವು. ಮೊಮ್ಮಕ್ಕಳ ಮಾತಿನಲ್ಲಿ ಸ, ಶ ಯಾಕೆ ತಪ್ಪಿ ಹೋಗುತ್ತಿತ್ತು ಅಂತ ಆಗ ತಿಳಿಯಿತು. ಕಿವಿಗೆ ಮಿಷನ್ ಹಾಕಿದ ಮೇಲೆ ಹಗಲು ಕಿವಿಯ ಸದ್ದು ಎಷ್ಟೋ ಹಿಂದೆ ಸರಿದಿದೆ. ಹಗಲು ಹಗುರವಾದರೆ ರಾತ್ರಿಯ ಭಯವೂ ಇಳಿಯುತ್ತದೆ. ಮಿಷನ್ ಬೆಲೆ ಜಾಸ್ತಿ, ಗೊತ್ತು. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಇದನ್ನು ಉಚಿತವಾಗಿ ಕೊಡುತ್ತಾರೆ. ಪಂಚಾಯಿತಿಯಲ್ಲಿ ವಿಚಾರಿಸಿ. ಇಂಟರ್‌ನೆಟ್‌ನಲ್ಲಿ ಮಾರುವ ಗಿಂಕೋ ಅನ್ನುವ ಮರದ ಎಲೆಯ ಮಾತ್ರೆಗೆ ದುಡ್ಡು ಸುರಿಯಬೇಡಿ. ಅಮೆರಿಕದ ಕಿವಿ ಮೂಗು ಗಂಟಲು ತಜ್ಞರು 2014ರಲ್ಲೇ ಅದು ಬೇಡ ಅಂದಿದ್ದಾರೆ. ಸಿಬಿಟಿ ಅನ್ನುವ ಆಪ್ತಸಮಾಲೋಚನೆಯಿಂದ ಉಪಯೋಗ ಇದೆ. ಸದ್ದು ಹೋಗುವುದಿಲ್ಲ, ಅದರ ಕಾಟ ತಗ್ಗುತ್ತದೆ. ನಡುರಾತ್ರಿ ಬದುಕೇ ಬೇಡ ಅನ್ನಿಸಿದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ. ಹಾಗೆ ಅನ್ನಿಸುವುದು ಸಣ್ಣ ವಿಷಯ ಅಲ್ಲ, ನಾಚಿಕೆ ಪಡುವ ವಿಷಯವೂ ಅಲ್ಲ.

ಕಿರಿಯರಿಗೂ ಒಂದು ಮಾತು. ಕೋವಿ ನಮ್ಮ ಜಿಲ್ಲೆಯ ಹೆಮ್ಮೆ. ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುರಿ ಇಡುವಾಗ, ಪುತ್ತರಿಗೆ ಗುಂಡು ಹಾರಿಸುವಾಗ ಕಿವಿಗೆ ಏನಾದರೂ ಹಾಕಿಕೊಳ್ಳಿ. ಒಂದೇ ಗುಂಡಿನ ಸದ್ದು 140 ಡೆಸಿಬಲ್ ದಾಟುತ್ತದೆ. ಬಲ ಹೆಗಲಿಗೆ ಕೋವಿ ಇಡುವವರಿಗೆ ಎಡಗಿವಿ ಮೊದಲು ಕೆಡುತ್ತದೆ, ಯಾಕೆಂದರೆ ನಳಿಗೆಯ ಬಾಯಿಗೆ ಹತ್ತಿರ ಇರುವುದು ಆ ಕಿವಿ. ನಮ್ಮ ಅಣ್ಣನದೂ ಎಡಗಿವಿಯೇ. ಕಳೆ ಹೊಡೆಯುವ ಮಿಷನ್, ಮರ ಕುಯ್ಯುವ ಮಿಷನ್ ಹಿಡಿಯುವ ಕಾರ್ಮಿಕರಿಗೆ ಇಯರ್ ಮಫ್ ಕೊಡಿಸುವುದು ತೋಟದ ಮಾಲೀಕರ ಕೆಲಸ. ಕೂಲಿ ಕೊಡುವಷ್ಟೇ ಮುಖ್ಯ ಅದು.

ನಮ್ಮ ಸಂಘಗಳು ವರ್ಷಕ್ಕೊಮ್ಮೆ ಬಿಪಿ, ಶುಗರ್, ಕಣ್ಣಿನ ಶಿಬಿರ ಮಾಡುತ್ತವೆ. ಕಿವಿ ಪರೀಕ್ಷೆ ಮಾತ್ರ ಯಾರ ಪಟ್ಟಿಯಲ್ಲೂ ಇಲ್ಲ. ಶಾಂತಳ್ಳಿಯಿಂದ ಮೈಸೂರಿಗೆ ಹೋಗಿ ಬರಲು ಇಡೀ ದಿನ ಬೇಕು. ಕಾಲು ನೋವಿನ ಅಜ್ಜಿಯರು ಎಲ್ಲಿಂದ ಹೋಗುತ್ತಾರೆ? ಮುಂದಿನ ಶಿಬಿರಕ್ಕೆ ಒಬ್ಬ ಆಡಿಯಾಲಜಿಸ್ಟ್‌ರನ್ನೂ ಕರೆಸಿ. ಸೋಮವಾರಪೇಟೆಯಲ್ಲಿ ಯಾರಾದರೂ ಮುಂದೆ ಬಂದರೆ ಜಾಗ, ಊಟದ ವ್ಯವಸ್ಥೆಗೆ ಓಡಾಡಲು ನಾನು ತಯಾರಿದ್ದೇನೆ. ಇನ್‌ಬಾಕ್ಸ್‌ಗೆ ಬರೆಯಿರಿ.