ಹತ್ತು ನಿಮಿಷದಲ್ಲಿ ಮನೆಗೆ ದಿನಸಿ: ಈ ವ್ಯಾಪಾರ ಇನ್ನೂ ಬೆಳೆಯಬೇಕಾ?

ಪರ: ಬೆಳೆಯಲಿ, ನಮ್ಮಂಥ ಮನೆಗಳಿಗೆ ಇದು ಆಸರೆ

ಕಳೆದ ಮಳೆಗಾಲದ ಒಂದು ರಾತ್ರಿ. ಹಾಸಿಗೆ ಹಿಡಿದಿರುವ ಮಾವನವರ ಡೈಪರ್ ಮುಗಿದಿತ್ತು. ಗಂಟೆ ಹತ್ತೂವರೆ. ಯಜಮಾನರು ಊರಲ್ಲಿರಲಿಲ್ಲ, ಮಗು ಮಲಗಿತ್ತು. ಬೀದಿಯ ಅಂಗಡಿ ಆಗಲೇ ಬಾಗಿಲು ಹಾಕಿತ್ತು. ಫೋನಿನಲ್ಲಿ ಆರ್ಡರ್ ಮಾಡಿದೆ, ಕಾಲು ಗಂಟೆಯೊಳಗೆ ಬಂತು. ಇದನ್ನು ಸೋಮಾರಿಗಳ ಶೋಕಿ ಅನ್ನುವವರು, ಬೆಂಗಳೂರಿನಲ್ಲಿ ಕೆಲಸಕ್ಕೂ ಹೋಗಿ ಮನೆಯನ್ನೂ ನಡೆಸುವ ಹೆಂಗಸಿನ ಒಂದು ದಿನವನ್ನು ಹತ್ತಿರದಿಂದ ನೋಡಬೇಕು.

ಹುಡುಗರು ಗಾಡಿಯನ್ನು ಜೋರಾಗಿ ಓಡಿಸುವುದರಿಂದಲೇ ಇಷ್ಟು ಬೇಗ ಬರುತ್ತದೆ ಅಂತ ಜನ ತಿಳಿದಿದ್ದಾರೆ. ಮುಖ್ಯ ಕಾರಣ ಬೇರೆ. ಎರಡು ಮೂರು ಕಿಲೋಮೀಟರ್ ಒಳಗೇ ಒಂದು ಸಣ್ಣ ಗೋದಾಮು ಇರುತ್ತದೆ. ಅದಕ್ಕೆ ಡಾರ್ಕ್ ಸ್ಟೋರ್ ಅನ್ನುತ್ತಾರೆ. ಯಾವ ಸಾಮಾನು ಯಾವ ಕಪಾಟಿನಲ್ಲಿದೆ ಅಂತ ಅಲ್ಲಿನ ಕೆಲಸದವರಿಗೆ ಫೋನೇ ತೋರಿಸುತ್ತದೆ. ಕೆಲವೇ ನಿಮಿಷದಲ್ಲಿ ಚೀಲ ಸಿದ್ಧ.

ಇದರ ಹಿಂದೆ ಹಲವು ವರ್ಷಗಳ ನಂಬಿಕೆ ಇದೆ. 2007ರಲ್ಲಿ ಫ್ಲಿಪ್‌ಕಾರ್ಟ್ ಇದೇ ಬೆಂಗಳೂರಿನಲ್ಲಿ ಪುಸ್ತಕ ಮಾರಲು ಶುರು ಮಾಡಿದಾಗ, ಮುಖ ನೋಡದ ಅಂಗಡಿಗೆ ಮೊದಲೇ ದುಡ್ಡು ಕೊಡಲು ಜನ ಹೆದರುತ್ತಿದ್ದರು. 2010ರಲ್ಲಿ, ಸಾಮಾನು ಕೈಗೆ ಬಂದ ಮೇಲೆ ದುಡ್ಡು ಕೊಡಿ ಅಂದರು. ಹೆದರಿಕೆ ಕರಗಿತು. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ಜಿಯೋ ಬಂದು ಇಂಟರ್ನೆಟ್ ಅಗ್ಗವಾಯಿತು.

ಸಣ್ಣ ತಯಾರಕರಿಗೂ ಇದರಿಂದ ದಾರಿ ಸಿಕ್ಕಿದೆ. ನನ್ನ ಗೆಳತಿ ರಾಗಿ ಹುರಿಹಿಟ್ಟು ಮಾಡಿ ಮಾರುತ್ತಾಳೆ. ಹೊಸ ಹೆಸರು ಅಂತ ಅಂಗಡಿಗಳಿಗೆ ಸಾಮಾನು ಹಂಚುವ ಸ್ಟಾಕಿಸ್ಟ್‌ಗಳು ಮುಟ್ಟಲಿಲ್ಲ. ಈಗ ಒಂದು ಆ್ಯಪ್‌ನಲ್ಲಿ ಅವಳ ಪೊಟ್ಟಣ ಇದೆ.

ಡೆಲಿವರಿ ಹುಡುಗರ ಕಷ್ಟ ನಿಜ, ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ಮದ್ದು ಕಾನೂನು. ಹೀಗೆ ಆ್ಯಪ್‌ಗಳಿಗಾಗಿ ದುಡಿಯುವ ಗಿಗ್ ಕಾರ್ಮಿಕರಿಗೆ ಅಂತಲೇ ಕರ್ನಾಟಕ 2025ರಲ್ಲಿ ಕಾಯ್ದೆ ತಂದಿದೆ. ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರಷ್ಟನ್ನು ಕಂಪನಿಗಳು ಅವರ ಕಲ್ಯಾಣ ನಿಧಿಗೆ ಕಟ್ಟಬೇಕು. ಅದನ್ನು ಬಿಗಿಯಾಗಿ ಜಾರಿ ಮಾಡಿ. ಕೆಲಸವನ್ನೇ ಕಿತ್ತುಕೊಳ್ಳಬೇಡಿ.

ವಿರೋಧ: ಬೇಡ, ಈ ಅಗ್ಗದ ಬೆಲೆ ಯಾರ ದುಡ್ಡಿನದು?

ನಮ್ಮಪ್ಪ ಮೂವತ್ತು ವರ್ಷ ದಿನಸಿ ಅಂಗಡಿ ನಡೆಸಿದರು. ಈಗ ಗಲ್ಲಾದಲ್ಲಿ ನಾನು ಕೂರುತ್ತೇನೆ. ಹಾಲು, ಬ್ರೆಡ್ಡಿಗೆ ಜನ ಇನ್ನೂ ಬರುತ್ತಾರೆ. ತಿಂಗಳ ಸಾಮಾನಿನ ಚೀಟಿ ಹಿಡಿದು ಬರುವವರು ಕಡಿಮೆಯಾದರು. ಹಾಲಿನಲ್ಲಿ ಉಳಿಯುವುದು ಪೈಸೆ ಲೆಕ್ಕ. ನಮ್ಮ ಬಾಡಿಗೆ, ಕರೆಂಟ್ ಬಿಲ್ಲು ಎಲ್ಲ ನಡೆಯುತ್ತಿದ್ದದ್ದು ಆ ಚೀಟಿಯಿಂದ.

ನನ್ನ ಸೇವೆ ಸರಿಯಿಲ್ಲ ಅಂತ ಗಿರಾಕಿ ಹೋದರೆ ತಪ್ಪು ನನ್ನದೇ. ಆದರೆ ಡಿಸ್ಟ್ರಿಬ್ಯೂಟರ್ ನನಗೆ ಹಾಕುವ ರೇಟಿಗಿಂತ ಕಡಿಮೆಗೆ ಫೋನಿನಲ್ಲಿ ಸೋಪು ಸಿಕ್ಕರೆ ನಾನು ಏನು ಮಾಡಲಿ? ಡಿಸ್ಟ್ರಿಬ್ಯೂಟರ್‌ಗಳ ಅಖಿಲ ಭಾರತ ಒಕ್ಕೂಟವೂ ಇದನ್ನೇ 2024ರಲ್ಲಿ, ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡುವ ಭಾರತೀಯ ಸ್ಪರ್ಧಾ ಆಯೋಗದ ಮುಂದಿಟ್ಟಿತು. ಎದುರಿನವರು ನೆಲಕಚ್ಚುವವರೆಗೆ ನಷ್ಟಕ್ಕೆ ಮಾರುವುದನ್ನು ನಾನು ವ್ಯಾಪಾರ ಅಂತ ಒಪ್ಪುವುದಿಲ್ಲ.

ಈ ರಂಗದ ಲೆಕ್ಕ ನೋಡಿ. ಊಟದ ಜೊತೆ ದಿನಸಿಯನ್ನೂ ತಲುಪಿಸುವ ಸ್ವಿಗ್ಗಿಯ ಒಟ್ಟು ನಷ್ಟ 2024–25ರಲ್ಲಿ 3,117 ಕೋಟಿ ರೂಪಾಯಿ. ಅಷ್ಟು ಕಳೆದುಕೊಂಡರೂ ಅವರು ನಾಳೆ ಬಾಗಿಲು ತೆಗೆಯಬಲ್ಲರು, ಹೂಡಿಕೆದಾರರ ಹಣ ಬೆನ್ನಿಗಿದೆ. ನಾನು ಮೂರು ಲಕ್ಷ ಕಳೆದುಕೊಂಡರೆ ಮಗಳ ಕಾಲೇಜು ನಿಲ್ಲುತ್ತದೆ.

ಡಂಜೊ ನೆನಪಿದೆಯಾ? ಇದೇ ಬೆಂಗಳೂರಿನಲ್ಲಿ ಹುಟ್ಟಿದ, ಮನೆಗೆ ಸಾಮಾನು ತಂದುಕೊಡುತ್ತಿದ್ದ ಕಂಪನಿ. ‘ಡಂಜೊ ಮಾಡು’ ಅಂತ ಜನ ಮಾತಿನಲ್ಲೇ ಬಳಸುತ್ತಿದ್ದರು. ಮೊದಮೊದಲು ಅದರ ಹುಡುಗರು ನಮ್ಮಂಥ ಅಂಗಡಿಗಳಿಗೇ ಬಂದು ಸಾಮಾನು ಒಯ್ಯುತ್ತಿದ್ದರು. ಅದು ನನಗೆ ಬಹಳ ಇಷ್ಟವಾಗಿತ್ತು: ಅಂಗಡಿ ನಮ್ಮದು, ಗಾಡಿ ಅವರದು, ಇಬ್ಬರಿಗೂ ಅನ್ನ. ಆಮೇಲೆ ಅವರೂ ತಮ್ಮದೇ ಗೋದಾಮು ಮಾಡಿದರು. 2022ರಲ್ಲಿ ರಿಲಯನ್ಸ್ ಹಣ ಹಾಕಿತು. 2023ರಲ್ಲಿ ನೌಕರರ ಸಂಬಳ ತಡವಾಗತೊಡಗಿತು. 2025ರ ಆರಂಭಕ್ಕೆ ಆ್ಯಪೇ ನಿಂತುಹೋಯಿತು. ಚೆನ್ನಾಗಿ ನಡೆಯುತ್ತಿದ್ದ ಒಂದು ದಾರಿಯನ್ನು ವೇಗದ ಹುಚ್ಚು ಮುಚ್ಚಿಹಾಕಿತು ಅಂತ ನನಗೆ ಇವತ್ತಿಗೂ ಸಂಕಟ.

ಹೊಸ ಹೆಸರಿಗೆ ಅಂಗಡಿಯಲ್ಲಿ ಜಾಗವಿಲ್ಲ ಅನ್ನುವುದನ್ನು ನಾನು ಪೂರ್ತಿ ಒಪ್ಪಲಾರೆ. ಐಡಿ ದೋಸೆ ಹಿಟ್ಟು 2005ರಲ್ಲಿ ಮೊದಲು ಮಾರಾಟವಾದದ್ದು ಬೆಂಗಳೂರಿನ ಸಣ್ಣ ಅಂಗಡಿಗಳಲ್ಲೇ ಅಲ್ವಾ?

ಇನ್ನು ಆ ಮಳೆಯಲ್ಲಿ ಬಂದ ಹುಡುಗ. ಅವನಿಗೆ ಆರ್ಡರ್ ಲೆಕ್ಕದಲ್ಲಿ ದುಡ್ಡು. ಗೋದಾಮು ಎಷ್ಟೇ ಹತ್ತಿರವಿದ್ದರೂ, ಜಾಸ್ತಿ ಆರ್ಡರ್ ಮುಗಿಸಿದರೆ ಮಾತ್ರ ಇನ್ಸೆಂಟಿವ್ ಅಂದಮೇಲೆ ಅವನು ನಿಧಾನಕ್ಕೆ ಹೋಗುತ್ತಾನಾ?

ಖರೀದಿ ಬೆಲೆಗಿಂತ ಕೆಳಗೆ ಮಾರುವುದನ್ನು ನಿಲ್ಲಿಸಿ. ನಮ್ಮ ಅಂಗಡಿಗಳಿಂದಲೇ ಸಾಮಾನು ಹೋಗುವ ಹಾಗೆ ಆ್ಯಪ್ ಕಟ್ಟಿ. ಅಷ್ಟಾದರೆ ರಾತ್ರಿ ಹನ್ನೊಂದರವರೆಗೆ ಬಾಗಿಲು ತೆಗೆದಿರಲು ನಾನು ಸಿದ್ಧ. ಡೈಪರನ್ನೂ ತರಿಸಿ ಇಡುತ್ತೇನೆ.